ಹಿಮ್ಮಡಿ ಹಿಡಿದ ಕೈ

"ಅಲ್ಲಾಡಿದರೆ ಇನ್ನೊಂದು ಕಾಲನ್ನೂ ಮುರೀತೀನಿ ನೋಡು," ಅಂದ ಸುತ್ತಿಗೆ.

ಅಂದದ್ದು ಎಕ್ಸ್‌ರೇ ಮೇಜಿನ ಮೇಲೆ ಮಲಗಿದ್ದ ದರ್ಜಿಗೆ. ಅದೂ ನನ್ನ ಕೋಣೆಯಲ್ಲಿ, ನನ್ನ ಕಿವಿಗೆ ಬೀಳುವ ಹಾಗೆ, ಹಲ್ಲು ಕಿರಿಯುತ್ತಾ. ದರ್ಜಿ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಿದ್ದ. ಅವನ ಎಡಗಾಲು ಮಂಡಿಯಿಂದ ಒಂದು ಗೇಣು ಕೆಳಗೆ, ಕೀಲೇ ಇಲ್ಲದ ಜಾಗದಲ್ಲಿ ಬಾಗಿತ್ತು. ಪ್ಯಾಂಟಿನ ಬಟ್ಟೆ ರಕ್ತಕ್ಕೆ ಅಂಟಿಕೊಂಡಿತ್ತು.

"ಏನಾಯ್ತು?" ಅಂತ ಕೇಳಿದೆ.

"ಮೆಟ್ಟಿಲಿಂದ ಬಿದ್ದ," ಅಂದ ಸುತ್ತಿಗೆ.

"ನಿಮ್ಮನ್ನಲ್ಲ ಕೇಳಿದ್ದು. ಬಿದ್ದದ್ದು ನೀವಾ?"

"ಮೆಟ್ಟಿಲಿಂದ ಬಿದ್ದೆ ಅಕ್ಕಾ," ಅಂದ ದರ್ಜಿ. ಕಣ್ಣಿನಿಂದ ಇಳಿದ ನೀರು ಕಿವಿಯೊಳಗೆ ಹೋಗುತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆಯಲ್ಲಿ ಮೂಳೆಯ ಫೋಟೋ ತೆಗೀತಾ ಇದ್ದೀನಿ. ಊರಿಗೆಲ್ಲ ನಾನು ಎಕ್ಸ್‌ರೇ ಅಕ್ಕ. ಮೆಟ್ಟಿಲಿಂದ ಬಿದ್ದವನ ಕಾಲು ಸಾಮಾನ್ಯವಾಗಿ ತಿರುಚಿಕೊಂಡು ಮುರಿಯುತ್ತೆ, ಹಗ್ಗ ಹೊಸೆದ ಹಾಗೆ. ರಾಡಿನ ಏಟು ಬಿದ್ದರೆ, ಏಟು ಬಿದ್ದ ಕಡೆಯಿಂದ ಒಂದು ತ್ರಿಕೋನದ ಚೂರು ಕಿತ್ತು ಬರುತ್ತೆ. ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ, ದಪ್ಪ ಮೂಳೆಯ ಮೇಲೆ ಮಾಂಸವೇ ಇಲ್ಲ. ಬರೀ ಚರ್ಮ. ದರ್ಜಿಯ ಆ ಚರ್ಮ ಹರಿದು, ಒಳಗಿನಿಂದ ಬಿಳಿಯದೊಂದು ಚೂಪು ಹೊರಗೆ ಇಣುಕುತ್ತಿತ್ತು. ಮೆಟ್ಟಿಲಂತೆ ಮೆಟ್ಟಿಲು! ನನ್ನ ತಲೆ!

ಸುತ್ತಿಗೆ ಅನ್ನೋದು ಊರು ಇಟ್ಟ ಹೆಸರು; ಅವನು ಹಳೇ ಕಟ್ಟಡ ಕೆಡಹುವವರ ಕೈಯಾಳು. ಕಟ್ಟಡ ಬಿಟ್ಟು ಹೋಗುವುದಿಲ್ಲ ಅನ್ನುವವರ ಕಾಲು ಮುರಿಯುವುದು ಅವನ ಕೆಲಸ. ಮುರಿದ ಮೇಲೆ ತಾನೇ ಎತ್ತಿಕೊಂಡು ಬಂದು ಆಸ್ಪತ್ರೆ ಸೇರಿಸುವುದು ಅವನ ಪದ್ಧತಿ. ನಾಲ್ಕು ಜನ ನೋಡಲಿ ಅಂತ.

ನಾಲ್ಕು ದಿನದ ಹಿಂದೆ, ದರ್ಜಿಯ ಅಂಗಡಿ ಇರುವ ಕಟ್ಟಡದ್ದೇ ಗ್ಯಾರೇಜಿನವನು ಇದೇ ಮೇಜಿನ ಮೇಲೆ ಮಲಗಿದ್ದ. ಮುಕ್ಕಾಲು ಗಂಟೆಯಲ್ಲಿ ಪಕ್ಕದ ಪ್ಲಾಸ್ಟರ್ ಕೋಣೆಯಲ್ಲಿ ಹೆಣವಾಗಿದ್ದ, ಗಂಟಲ ತನಕ ಒದ್ದೆ ಬ್ಯಾಂಡೇಜು ತುರುಕಿಸಿಕೊಂಡು.

ಅವನ ಫೋಟೋ ತೆಗೆದದ್ದು ನನ್ನ ಜೊತೆಗಾರ ಸೋಡಾಬುಡ್ಡಿ. ನಾನು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಸೋಡಾಬುಡ್ಡಿ ಡಾರ್ಕ್‌ರೂಮಿನ ನೆಲದ ಮೇಲೆ ಬಿದ್ದಿದ್ದಾನೆ, ತಲೆ ಒಡೆದಿದೆ, ಅವನ ದಪ್ಪ ಕನ್ನಡಕ ರಕ್ತದಲ್ಲಿ ತೇಲುತ್ತಿದೆ. ಪ್ಲಾಸ್ಟರ್ ಹಾಕುವ ಕೆಲಸ ನನ್ನ ತಮ್ಮಂದು. ಹೆಣದ ಪಕ್ಕ ನಿಂತಿದ್ದವನು ಅವನೇ. ಪೊಲೀಸರು ಅವನನ್ನು ದರದರ ಎಳೆದುಕೊಂಡು ಹೋದರು.

"ಸ್ಟೋರಿಗೆ ಹೋಗಿದ್ದೆ ಅಕ್ಕಾ, ಬರೋದರೊಳಗೆ ಸತ್ತಿದ್ದ. ಎಕ್ಸ್‌ರೇ ಕೋಣೆಗೆ ನಾನು ಕಾಲೇ ಇಟ್ಟಿಲ್ಲ," ಅಂದಿದ್ದ ಲಾಕಪ್ಪಿನ ಸರಳು ಹಿಡಿದುಕೊಂಡು. ತುಟಿ ಸೀಳಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು. ಅಮ್ಮ ಸತ್ತಾಗ ಏಳು ವರ್ಷದ ಕೂಸು ಅವನು. ತುತ್ತು ಕೊಟ್ಟು ಸಾಕಿದವಳು ನಾನು.

ಅವನನ್ನು ಉಳಿಸಲು ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಫಿಲ್ಮು, ಗ್ಯಾರೇಜಿನವನ ಕಾಲಿನದು.

ಅದನ್ನು ಹಾಳಾದ ಫಿಲ್ಮಿನ ಪೆಟ್ಟಿಗೆಯಲ್ಲಿ ಹುಡುಕಿ ತೆಗೆದಿದ್ದೆ. ಈ ಆಸ್ಪತ್ರೆಗೆ ಕಂಪ್ಯೂಟರಿನ ಎಕ್ಸ್‌ರೇ ಇನ್ನೂ ಬಂದಿಲ್ಲ. ನೀರಲ್ಲಿ ತೊಳೆದು ತಂತಿಗೆ ನೇತುಹಾಕುವ ಹಳೇ ಫಿಲ್ಮೇ. ಕೆಟ್ಟದ್ದನ್ನು ಪೆಟ್ಟಿಗೆಗೆ ಎಸೀತೀವಿ, ತಿಂಗಳಿಗೊಮ್ಮೆ ಗುಜರಿಗೆ ಹೋಗುತ್ತೆ. ಸೋಡಾಬುಡ್ಡಿ ಅದನ್ನು ಎಸೆದದ್ದು ಯಾಕೆ ಅಂದರೆ, ಹಿಡಿದುಕೊಂಡವನ ಕೈ ಒಳಗೆ ಬಂದಿತ್ತು. ಮುರಿದ ಕಾಲು ತಾನಾಗಿ ನೆಟ್ಟಗೆ ನಿಲ್ಲುವುದಿಲ್ಲ. ಪಾದದ ಕಡೆ ಒಬ್ಬರು ನಿಂತು, ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಸ್ವಲ್ಪ ಜಗ್ಗಿ ಹಿಡಿಯಬೇಕು. ಕೈ ಬೆಳಕಿನ ಚೌಕದಿಂದ ಹೊರಗಿರಲಿ ಅಂತ ನಾವು ಬಡಕೊಂಡರೂ ಯಾರೂ ಕೇಳುವುದಿಲ್ಲ.

ಆ ಕೈಯಲ್ಲಿ ಕಿರುಬೆರಳಿನ ಬುಡದ ಮೂಳೆ ಹಿಂದೆಂದೋ ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಅದು ಗುದ್ದುವವರ ಮೂಳೆ. ಗೋಡೆಗೆ ಗುದ್ದಿದವರು, ಬಾಗಿಲಿಗೆ ಗುದ್ದಿದವರು, ಹೆಂಡತಿಗೆ ಗುದ್ದಲು ಹೋಗಿ ಕಂಬಕ್ಕೆ ಗುದ್ದಿದ ಮಹಾನುಭಾವರು, ಎಲ್ಲರೂ ಅದೇ ಮೂಳೆ ಹಿಡಕೊಂಡು ನನ್ನ ಹತ್ತಿರ ಬಂದಿದ್ದಾರೆ.

ಫಿಲ್ಮಿನ ವಿಷಯ ಹೇಳಿ ತಮ್ಮನನ್ನು ಕೇಳಿದ್ದೆ, "ಗ್ಯಾರೇಜಿನವನ ಯಾವ ಕಾಲು ಮುರಿದಿತ್ತೋ?"

"ಎಡಗಾಲು," ಅಂದಿದ್ದ. ಆಮೇಲೆ ಸರಳಿಗೆ ಮುಖ ತಂದು, "ಸುತ್ತಿಗೆಯ ಎಡಗೈ ನೋಡು ಅಕ್ಕಾ. ಕಿರುಬೆರಳಿನ ಗೆಣ್ಣು ಒಳಗೆ ಕೂತಿದೆ."

ಅಲ್ಲಿಗೆ ಲೆಕ್ಕ ಸರಿಹೋಯಿತು: ಕಾಲು ಹಿಡಿದು ಕೊನೆಗೆ ಜೊತೆಗಿದ್ದವನೇ ಕೊಂದವನು, ಅವನು ಸುತ್ತಿಗೆ. ನಾನು ಇನ್ಸ್‌ಪೆಕ್ಟರ ಮೇಜಿನ ಮೇಲೆ ಫಿಲ್ಮು ಇಟ್ಟು ಗಂಟಲು ಹರಿಯುವ ಹಾಗೆ ಜಗಳವಾಡಿದೆ. ಕಡೆಗೆ ಇವತ್ತು ಮಧ್ಯಾಹ್ನ ಅವರು ತಮ್ಮನನ್ನು ಕರೆದುಕೊಂಡು ಬಂದು ನನ್ನ ವಶಕ್ಕೆ ಒಪ್ಪಿಸಿದರು, ಸಂಜೆ ಆರರ ತನಕ. ಅಷ್ಟರಲ್ಲಿ ಆ ಕೈ ಸುತ್ತಿಗೆಯದು ಅಂತ ತೋರಿಸಬೇಕು. ಇಲ್ಲದಿದ್ದರೆ ತಮ್ಮ ವಾಪಸ್ ಒಳಗೆ, ಈ ಸಲ ಕೊಲೆಯ ಕೇಸಿನಲ್ಲಿ.

ನಾನು ಸಹಿ ಹಾಕುತ್ತಿದ್ದಾಗಲೇ ಎಮರ್ಜೆನ್ಸಿಯ ನರ್ಸು ಫೋನು ಮಾಡಿದಳು. ಸುತ್ತಿಗೆ ಇನ್ನೊಬ್ಬನ ಕಾಲು ಮುರಿದು ತಂದಿದ್ದಾನೆ. ಕೇಳಿದ್ದನ್ನು ದೇವರು ಮೇಜಿನ ಮೇಲೇ ತಂದು ಮಲಗಿಸಿದ ಹಾಗಿತ್ತು. ಇನ್ಸ್‌ಪೆಕ್ಟರನ್ನು ಡಾರ್ಕ್‌ರೂಮಿನೊಳಗೆ ನೂಕಿ ಸ್ಟೂಲಿನ ಮೇಲೆ ಕೂರಿಸಿದೆ. ತಮ್ಮನನ್ನು ಮೂರನೇ ಮಹಡಿಗೆ ಕಳಿಸಿದೆ. "ಸೋಡಾಬುಡ್ಡಿ ಬೆಳಿಗ್ಗೆ ಕಣ್ಣು ಬಿಟ್ಟಿದ್ದಾನಂತೆ, ಮಾತು ಬಂದಿಲ್ಲ. ಅವನ ಹತ್ತಿರ ಕೂತಿರು ಹೋಗು. ಆ ರಾಕ್ಷಸನ ಕಣ್ಣಿಗೆ ನೀನು ಬೀಳೋದು ಬೇಡ."

ಈಗ ಆ ರಾಕ್ಷಸ ನನ್ನ ಎದುರಿಗಿದ್ದ.

"ಬೇಗ ತೆಗೀರಿ. ನನಗೆ ಬೇರೆ ಕೆಲಸ ಇದೆ," ಅಂದ.

"ನನಗೇನು ಕೆಲಸ ಇಲ್ಲ, ಇಲ್ಲಿ ನೊಣ ಹೊಡೀತಾ ಕೂತಿದ್ದೆ," ಅಂದೆ. "ಈ ಸೀಸದ ಏಪ್ರನ್ ಹಾಕ್ಕೊಳ್ಳಿ. ಕಾಲು ಹಿಡೀಬೇಕು."

"ನಾನಾ?"

"ಮತ್ತೆ ನಾನಾ? ತಂದವರು ಹಿಡೀಬೇಕು. ಇಲ್ಲಿನ ರೂಲ್ಸು."

ಬಲಗೈಯನ್ನು ಜೇಬಿನಿಂದ ತೆಗೆಯದೆಯೇ, ಒಂದೇ ಕೈಯಲ್ಲಿ ಏಪ್ರನ್ ತಲೆಗೆ ತೂರಿಸಿಕೊಂಡ. ನಾನು ಹಿಂದಿನ ಪಟ್ಟಿ ಕಟ್ಟಿದೆ. ಅವನ ಮೈ ಕಬ್ಬಿಣದ ತುಕ್ಕಿನ ವಾಸನೆ ಹೊಡೆಯುತ್ತಿತ್ತು.

ದರ್ಜಿ ಬಿದಿರಿನಷ್ಟು ಉದ್ದ. ಕಾಲಿನ ಫೋಟೋದಲ್ಲಿ ಎರಡೂ ಕೀಲು ಬರಲೇಬೇಕು, ಮಂಡಿಯೂ ಪಾದದ ಕೀಲೂ. ಒಂದನ್ನು ಬಿಟ್ಟರೆ ಡಾಕ್ಟರು ಫಿಲ್ಮನ್ನು ಮುಖಕ್ಕೆ ಎಸೀತಾರೆ. ಕೆಳಗೆ ಏಟು ಬಿದ್ದರೂ ದಪ್ಪ ಮೂಳೆಯ ಪಕ್ಕದಲ್ಲಿರುವ ಸಣ್ಣ ಮೂಳೆ ಮೇಲೆ ಮಂಡಿಯ ಹತ್ತಿರ ಮುರಿದಿರಬಹುದು. ಅದಕ್ಕೇ ಫಿಲ್ಮಿನ ಪೆಟ್ಟಿಗೆಯನ್ನು ಕಾಲಿನ ಕೆಳಗೆ ಮೂಲೆಯಿಂದ ಮೂಲೆಗೆ ಬರುವಂತೆ ಓರೆಯಾಗಿ ತೂರಿಸಿದೆ. ಮಂಡಿಚಿಪ್ಪು ನೆಟ್ಟಗೆ ಮೇಲೆ ನೋಡಬೇಕು, ಕಾಲ್ಬೆರಳು ಸೂರು ನೋಡಬೇಕು. ಮಂಡಿಯ ಎರಡೂ ಪಕ್ಕ ಮರಳಿನ ಚೀಲ ಇಟ್ಟೆ. ಹೊರಬದಿಗೆ ಎಡ ಅಂತ ತಿಳಿಸುವ ಸೀಸದ ಅಕ್ಷರ ಇಟ್ಟೆ. ಸೋಡಾಬುಡ್ಡಿ ಈ ಅಕ್ಷರ ಇಡುವುದನ್ನು ಯಾವಾಗಲೂ ಮರೆಯುತ್ತಿದ್ದ. ಎಷ್ಟು ಬೈದಿದ್ದೆನೋ.

"ಹಿಮ್ಮಡಿ ಅಂಗೈ ಮೇಲೆ ಇಟ್ಕೊಳ್ಳಿ. ಮೆಲ್ಲಗೆ ನಿಮ್ಮ ಕಡೆ ಜಗ್ಗಿ. ಮೆಲ್ಲಗೆ!"

ಸುತ್ತಿಗೆ ಎಡಗೈ ಚಾಚಿ ಹಿಮ್ಮಡಿ ಹಿಡಿದ. ಹಿಡಿದವನು ಮೆಲ್ಲಗೆ ಜಗ್ಗಲಿಲ್ಲ. ದರ್ಜಿಯ ಮುಖವನ್ನೇ ನೋಡುತ್ತಾ ನಲ್ಲಿ ತಿರುಗಿಸಿದ ಹಾಗೆ ತಿರುಗಿಸಿದ.

ಕರಕ್ ಅಂತ ಮೂಳೆಗೆ ಮೂಳೆ ಉಜ್ಜಿದ ಸದ್ದು ನನಗೇ ಕೇಳಿಸಿತು. ದರ್ಜಿ ಕಿರುಚಿದ. ಆ ಕಿರುಚಾಟಕ್ಕೆ ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತ ಸದ್ದಾಯಿತು.

"ಅಯ್ಯೋ ಪಾಪಿ! ಮನುಷ್ಯನಾ ನೀನು?"

"ಜಾರಿತು," ಅಂದ ಸುತ್ತಿಗೆ. "ಮಕಾಡೆ ಮಲಗಿಸಿ ತೆಗೀರಿ ಬೇಕಾದರೆ. ಇಲ್ಲ ಮಗ್ಗುಲಿಗೆ ಹೊರಳಿಸಲಾ?"

"ಮುಟ್ಟಿದರೆ ನೋಡು! ಮುರಿದ ಕಾಲನ್ನು ಯಾರೂ ಹೊರಳಿಸಲ್ಲ. ಮಗ್ಗುಲಿನ ಫೋಟೋ ಬೇಕಾದರೆ ಕಾಲು ಇದ್ದ ಹಾಗೇ ಇರುತ್ತೆ, ನಾನು ಮೆಷೀನು ತಿರುಗಿಸ್ತೀನಿ. ನೀನು ಅಲುಗಾಡದೆ ಹಿಡ್ಕೋ ಅಷ್ಟೇ."

ಸಿಟ್ಟಿನಲ್ಲಿ ಮರ್ಯಾದೆ ಹೋಗಿ ಏಕವಚನ ಬಂದಿತ್ತು. ಬರಲಿ ಬಿಡಿ. ನಾನು ಬೆಳಕಿನ ಚೌಕವನ್ನು ಎಷ್ಟು ಬೇಕೋ ಅದಕ್ಕಿಂತ ದೊಡ್ಡದಾಗಿ ತೆರೆದೆ. ಹಿಮ್ಮಡಿ ದಾಟಿ, ಅವನ ಮಣಿಕಟ್ಟಿನ ತನಕ ಬೆಳಕು ಬಿತ್ತು. ಇಷ್ಟು ವರ್ಷದಲ್ಲಿ ಬೇಕಂತಲೇ ಒಂದು ಫಿಲ್ಮು ಹಾಳು ಮಾಡಿದ್ದು ಇದೇ ಮೊದಲು. ಸೀಸದ ಪರದೆಯ ಹಿಂದೆ ಹೋಗಿ ಗುಂಡಿ ಒತ್ತಿದೆ.

ಡಾರ್ಕ್‌ರೂಮಿಗೆ ಎರಡು ಬಾಗಿಲು, ನಡುವೆ ಕಪ್ಪು ಪರದೆ. ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆಗೆಯಬೇಕು, ರೂಢಿ ಇಲ್ಲದವರು ಬೆಳಕು ಬಿಟ್ಟುಬಿಡುತ್ತಾರೆ. ಒಳಗೆ ಕೆಂಪು ದೀಪದ ಕೆಳಗೆ ಇನ್ಸ್‌ಪೆಕ್ಟರು ಬೆವರುತ್ತಾ ಕೂತಿದ್ದರು.

"ಯಾರಮ್ಮ ಕಿರುಚಿದ್ದು?"

"ಅದೆಲ್ಲ ಆಮೇಲೆ." ಫಿಲ್ಮನ್ನು ಮದ್ದಿನ ನೀರಿನ ತೊಟ್ಟಿಗೆ ಇಳಿಸಿದೆ. ಎಣಿಸಿದೆ. ಎತ್ತಿ ನೋಡಿದೆ.

ಕೆಂಪು ಬೆಳಕಿನಲ್ಲಿ ಮೊದಲು ದರ್ಜಿಯ ಮೂಳೆ ಮೂಡಿತು, ಮಧ್ಯದಲ್ಲಿ ಎರಡು ತುಂಡು, ಪಕ್ಕದಲ್ಲಿ ನಾನು ಹೇಳಿದ ತ್ರಿಕೋನದ ಚೂರು. ಆಮೇಲೆ ಹಿಮ್ಮಡಿಯ ಕೆಳಗೆ ಐದು ಬೆರಳು. ಕಿರುಬೆರಳಿನ ಬುಡದಲ್ಲಿ ಸೊಟ್ಟ.

ನನ್ನ ಕಣ್ಣಲ್ಲಿ ನೀರೇ ಬಂತು. "ಸಿಕ್ಕಿದ! ನೋಡಿ ಸಾರ್, ಸಿಕ್ಕಿದ! ನನ್ನ ತಮ್ಮ ಉಳಿದ!"

ಅವರು ಎದ್ದೇಬಿಟ್ಟರು.

"ಕೂತ್ಕೊಳ್ಳಿ! ಇನ್ನೊಂದು ತೊಟ್ಟಿಯಲ್ಲಿ ಐದು ನಿಮಿಷ ಇರಬೇಕು. ಅದಕ್ಕೆ ಮೊದಲು ಬಾಗಿಲು ತೆಗೆದರೆ ಫಿಲ್ಮು ಮಸಿಯಾಗುತ್ತೆ, ನಿಮ್ಮ ಸಾಕ್ಷಿ ಗೋವಿಂದ. ಪ್ರಾಣ ಹೋದರೂ ತೆಗೀಬೇಡಿ. ಅವನು ಜಾಗ ಬಿಡದ ಹಾಗೆ ನಾನು ನೋಡ್ಕೋತೀನಿ."

ಫಿಲ್ಮನ್ನು ಎರಡನೇ ತೊಟ್ಟಿಗೆ ಹಾಕಿ ಹೊರಗೆ ಬಂದೆ. ಸುತ್ತಿಗೆ ಮೇಜಿನ ಹತ್ತಿರ ಇರಲಿಲ್ಲ.

ಗೋಡೆಯ ದೀಪದ ಪೆಟ್ಟಿಗೆಯ ಮುಂದೆ ನಿಂತಿದ್ದ. ಹೋಲಿಸಿ ನೋಡಲು ಅಂತ ಹಳೇ ಫಿಲ್ಮನ್ನು ಅವನು ಬರುವ ಮೊದಲೇ ಅಲ್ಲಿ ಸಿಕ್ಕಿಸಿಟ್ಟಿದ್ದೆ. ತೆಗೆದಿಡಲು ಮರೆತಿದ್ದೆ. ನನ್ನ ಬುದ್ಧಿಗಿಷ್ಟು!

ಅವನು ಫಿಲ್ಮಿನಲ್ಲಿದ್ದ ಕೈ ನೋಡಿದ. ತನ್ನ ಎಡಗೈ ನೋಡಿಕೊಂಡ. ನನ್ನನ್ನು ನೋಡಿದ.

"ಓಹೋ," ಅಂದ. "ಅದಕ್ಕೇನಾ ಕಾಲು ಹಿಡಿಸಿದ್ದು?"

ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ. ಎರಡನೆಯದು ಇಡುವಷ್ಟರಲ್ಲಿ ನನ್ನ ಗಂಟಲು ಅವನ ಕೈಯಲ್ಲಿತ್ತು. ಒಂದೇ ಕೈ. ಅದೇ ಸಾಕಿತ್ತು. ಎತ್ತಿ ಮೇಜಿನ ಪಕ್ಕದ ಸೀಸದ ಬಾಗಿಲಿಗೆ ಬಡಿದ. ಕನ್ನಡಕ ಹಾರಿತು. ಎರಡನೇ ಸಲ ಬಡಿದಾಗ ಬಾಯಲ್ಲಿ ಏನೋ ಮುರಿಯಿತು, ನಾಲಗೆಗೆ ರಕ್ತ ಸಿಕ್ಕಿತು.

"ಯಾರು ಹೇಳಿಕೊಟ್ಟರು? ಹಾಂ? ಯಾರು?"

ಉಸಿರೇ ಇಲ್ಲದವಳು ಏನು ಹೇಳಲಿ? ಡಾರ್ಕ್‌ರೂಮಿನೊಳಗಿಂದ ಇನ್ಸ್‌ಪೆಕ್ಟರು ಕೂಗಿದರು. "ಏನಮ್ಮ ಸದ್ದು? ಬಾಗಿಲು ತೆಗೀಲಾ? ಮೂರೇ ನಿಮಿಷ ಆಗಿದೆ!"

ಹೇಳಿದ್ದನ್ನು ಚಾಚೂ ತಪ್ಪದೆ ಕೇಳುವ ಪೊಲೀಸಿನವರು ನನ್ನ ಹಣೆಗೇ ಗಂಟು ಬಿದ್ದಿದ್ದರು.

ಕಣ್ಣು ಕತ್ತಲೆ ಬರುತ್ತಿದ್ದಾಗ ಸುತ್ತಿಗೆಯ ತಲೆ ಫಕ್ಕನೆ ಹಿಂದಕ್ಕೆ ಹೋಯಿತು. ಮೇಜಿನ ಮೇಲೆ ಅರ್ಧ ಎದ್ದಿದ್ದ ದರ್ಜಿ ಏಪ್ರನ್ನಿನ ಹಿಂದಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದ. ಮುರಿದ ಕಾಲು ಮೇಜಿನಿಂದ ಜೋತಾಡುತ್ತಿತ್ತು. "ಬಿಡಲ್ಲ ಕಣೋ! ಸತ್ತರೂ ಬಿಡಲ್ಲ!" ಅಂತ ಅಳುತ್ತಾ ಕೂಗುತ್ತಿದ್ದ.

ಗಂಟಲು ಸಡಿಲವಾಯಿತು. ನನ್ನ ಕೈಗೆ ಮೇಜಿನ ಮೇಲಿದ್ದ ಮರಳಿನ ಚೀಲ ಸಿಕ್ಕಿತು. ಮೂರು ಕೆಜಿ.

ನಿಮ್ಮ ಮಂಡಿಯ ಹೊರಬದಿಗೆ, ಸ್ವಲ್ಪ ಕೆಳಗೆ, ಕೈಯಿಟ್ಟು ನೋಡಿ. ಗುಂಡನೆ ಒಂದು ಮೂಳೆ ಸಿಗುತ್ತೆ. ಸಣ್ಣ ಮೂಳೆಯ ತಲೆ ಅದು. ಅದರ ಕುತ್ತಿಗೆಯನ್ನು ಬಳಸಿಕೊಂಡು ಒಂದು ನರ ಕೆಳಗಿಳಿಯುತ್ತೆ, ಅದಕ್ಕೆ ಕಾವಲು ಅಂತ ಇರೋದು ಬರೀ ಚರ್ಮ. ಪಾದವನ್ನು ಮೇಲೆತ್ತುವ ಶಕ್ತಿಯೆಲ್ಲ ಆ ನರದ್ದು.

ಬೀಸಿ ಅಲ್ಲಿಗೇ ಹೊಡೆದೆ.

ಸುತ್ತಿಗೆ 'ಹಾ' ಅಂದ. ಎರಡನೆಯದು ಅದೇ ಜಾಗಕ್ಕೆ. ಅವನ ಪಾದ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಹೆಜ್ಜೆ ಇಡಲು ಹೋದವನು ತನ್ನ ಬೆರಳನ್ನೇ ತಾನು ಎಡವಿ ಮುಗ್ಗರಿಸಿದ. ಮೂರನೆಯದು ಮಾಂಸವಿಲ್ಲದ ಮುಂಭಾಗದ ಮೂಳೆಗೆ. ಅದು ಬೇಕಿರಲಿಲ್ಲ, ನಿಜ. ಗ್ಯಾರೇಜಿನವನಿಗೊಂದು, ಸೋಡಾಬುಡ್ಡಿಗೊಂದು, ನನ್ನ ತಮ್ಮನ ತುಟಿಗೊಂದು ಅಂತ ಇನ್ನೂ ಮೂರು ಹಾಕಿದೆ. ಅವನು ನೆಲಕ್ಕೆ ಬಿದ್ದಾಗ ಹಣೆ ಮೇಜಿನ ಕಬ್ಬಿಣದ ಕಾಲಿಗೆ ತಾಗಿ ಬಿರಿಯಿತು.

ಆಗ ಬಾಗಿಲು ತೆರೆಯಿತು. "ಐದು ನಿಮಿಷ ಆಯ್ತು," ಅಂದರು ಇನ್ಸ್‌ಪೆಕ್ಟರು, ತೊಟ್ಟಿಕ್ಕುವ ಫಿಲ್ಮನ್ನು ಎರಡು ಬೆರಳಲ್ಲಿ ಹಿಡಿದುಕೊಂಡು. ಆಮೇಲೆ ನೆಲ ನೋಡಿದರು. "ಅಯ್ಯಯ್ಯೋ!"

"ಅಯ್ಯಯ್ಯೋ ಆಮೇಲೆ ಅನ್ನಿ. ಮೊದಲು ಕೋಳ ಹಾಕಿ."

ಕೋಳದ ಒಂದು ತುದಿ ಸುತ್ತಿಗೆಯ ಎಡಗೈಗೆ, ಇನ್ನೊಂದು ಮೇಜಿನ ಕಾಲಿಗೆ. ದರ್ಜಿಯ ಕಾಲನ್ನು ನಾನು ಮತ್ತೆ ಮೇಜಿಗೆ ಎತ್ತಿಟ್ಟು ಎರಡೂ ಪಕ್ಕ ಚೀಲ ಕೊಟ್ಟೆ. "ನೀನು ನನ್ನ ಅಣ್ಣ ಕಣೋ ಇವತ್ತಿನಿಂದ," ಅಂದೆ. ಅವನು ಹೂಂಗುಟ್ಟಿದ, ಆಮೇಲೆ ಎಚ್ಚರ ತಪ್ಪಿದ. ಎಮರ್ಜೆನ್ಸಿಗೆ ಬೆಲ್ ಒತ್ತಿ, ಬಾಯೊರೆಸಿಕೊಂಡು, ಎರಡು ಫಿಲ್ಮನ್ನೂ ದೀಪದ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಹಾಕಿದೆ.

"ನೋಡಿ ಸಾರ್. ಇದು ಇವತ್ತಿನದು. ಇದು ಗ್ಯಾರೇಜಿನವನದು. ಎರಡರಲ್ಲೂ ಎಡಗಾಲು, ಎರಡರಲ್ಲೂ ಎಡಗೈ. ಕಿರುಬೆರಳಿನ ಬುಡ ನೋಡಿ."

ನೆಲದ ಮೇಲಿಂದ ನಗು ಕೇಳಿಸಿತು. ಸುತ್ತಿಗೆ, ರಕ್ತ ಕಣ್ಣಿಗಿಳಿಯುತ್ತಿದ್ದರೂ, ನಗುತ್ತಿದ್ದ.

"ಗ್ಯಾರೇಜಿನವನದು ಎಡಗಾಲು ಅಂತ ಯಾರು ಹೇಳಿದ್ದು?"

"ಮುಚ್ಚು ಬಾಯಿ."

"ಮುರಿದವನು ನಾನು ತಾನೆ? ನನಗೆ ಗೊತ್ತಿಲ್ವಾ? ಬಲಗಾಲು. ಒಂದೇ ಏಟು." ನೆಲಕ್ಕೆ ಉಗಿದ. "ಮುರಿದೆ, ಹೌದು. ಬಾಗಿಲ ತನಕ ತಂದು ಇಳಿಸಿ ಹೋದೆ. ನಾನು ಕೊಲ್ಲಲ್ಲ ಕಣಮ್ಮ. ಕುಂಟುವವನನ್ನು ನೋಡಿ ಹತ್ತು ಜನ ಹೆದರ್ತಾರೆ. ಹೆಣದಿಂದ ನನಗೇನು ಲಾಭ?"

ಇನ್ಸ್‌ಪೆಕ್ಟರು ಕಂಕುಳಿನಿಂದ ಫೈಲು ತೆಗೆದರು. ಹಾಳೆ ಮಗುಚಿದರು. ಹೆಣ ಕೊಯ್ದ ಡಾಕ್ಟರ ವರದಿ.

"ಬಲಗಾಲು," ಅಂತ ಓದಿದರು. "ಬಲಗಾಲಿನ ಎರಡೂ ಮೂಳೆ ಮುರಿದಿವೆ."

"ನಾಲ್ಕು ದಿನದಿಂದ ಬಗಲಲ್ಲಿ ಇಟ್ಟುಕೊಂಡು ತಿರುಗ್ತಾ ಇದ್ದೀರಲ್ಲ, ಒಂದು ಸಲ ಓದೋಕೆ ಏನಾಗಿತ್ತು?"

"ನೀವೇ ತಾನೆ ಅಮ್ಮ ಎಡ ಅಂದದ್ದು? ಎಕ್ಸ್‌ರೇಯವರಿಗೆ ಎಡಬಲ ಗೊತ್ತಿರುತ್ತೆ ಅಂದುಕೊಂಡೆ!"

ಎಕ್ಸ್‌ರೇ ಫಿಲ್ಮು ಗಾಜಿನ ಹಾಗೆ, ಎರಡು ಕಡೆಯಿಂದಲೂ ನೋಡಬಹುದು. ಯಾವ ಕಡೆಯಿಂದ ನೋಡಬೇಕು ಅಂತ ಹೇಳೋದು ಸೀಸದ ಅಕ್ಷರ. ಅದು ಇಲ್ಲದಿದ್ದರೆ ಸಣ್ಣ ಮೂಳೆ. ಅದು ಯಾವಾಗಲೂ ಕಾಲಿನ ಹೊರಬದಿಗಿರುತ್ತೆ, ಬಲಗಾಲಿಗೆ ಬಲಕ್ಕೆ, ಎಡಗಾಲಿಗೆ ಎಡಕ್ಕೆ. ಆದರೆ ಅಕ್ಷರವಿಲ್ಲದ ಫಿಲ್ಮಿನಲ್ಲಿ, ಇದು ಯಾವ ಕಾಲು ಅಂತ ಮೊದಲು ಯಾರಾದರೂ ಹೇಳಬೇಕು. ನನಗೆ ಎಡ ಅಂತ ಹೇಳಿದ್ದರು, ನಾನು ಸಣ್ಣ ಮೂಳೆ ಎಡಗಾಲಿನ ಹೊರಬದಿಗೆ ಬರುವಂತೆ ತಿರುಗಿಸಿ ಹಾಕಿದ್ದೆ. ಎಮರ್ಜೆನ್ಸಿಯಲ್ಲಿ ಒಂದು ಮಾತು ಕೇಳಬಹುದಿತ್ತು. ಕೇಳಬೇಕು ಅಂತ ತೋಚಲೇ ಇಲ್ಲ. ತಮ್ಮ ಹೇಳಿದ ಮೇಲೆ ಇನ್ನು ಯಾರನ್ನು ಕೇಳಲಿ?

ಹಳೇ ಫಿಲ್ಮನ್ನು ದೀಪದ ಪೆಟ್ಟಿಗೆಯಿಂದ ಕಿತ್ತೆ. ಮಗುಚಿ ಹಾಕಿದೆ.

ಎಡಗಾಲು ಬಲಗಾಲಾಯಿತು. ಅದರ ಜೊತೆಗೆ, ಹಿಮ್ಮಡಿಯ ಕೆಳಗಿನ ಎಡಗೈ ಬಲಗೈಯಾಯಿತು.

"ಈಗ ನನ್ನ ಬಲಗೈ ನೋಡು," ಅಂದ ಸುತ್ತಿಗೆ. ಜೇಬಿನಿಂದ ತೆಗೆದು ಎತ್ತಿ ತೋರಿಸಿದ. ಕಿರುಬೆರಳೂ ಇರಲಿಲ್ಲ, ಉಂಗುರದ ಬೆರಳೂ ಇರಲಿಲ್ಲ. ಅಂಗೈಯ ಆ ಅಂಚೇ ಹೋಗಿ ಹಳೇ ಗಾಯದ ಸುಕ್ಕು ಹೊಳೆಯುತ್ತಿತ್ತು. "ಗೋಡೆ ಬಿದ್ದು ಆರು ವರ್ಷವಾಯ್ತು. ನಿನ್ನ ಫೋಟೋದಲ್ಲಿ ಎಷ್ಟು ಬೆರಳಿದೆ, ಎಣಿಸು."

ಎಣಿಸುವ ಅಗತ್ಯ ಇರಲಿಲ್ಲ. ಐದು.

"ಇನ್ನೊಂದು ಹೇಳಲಾ? ಈ ಆಸ್ಪತ್ರೆ ಬಾಗಿಲು ನೋಡಿದ ಕೂಡಲೇ ಗ್ಯಾರೇಜಿನವನು ನನ್ನ ಕೊರಳಿಗೆ ಜೋತುಬಿದ್ದ. ಕಾಲು ಮುರಿದವನ ಕೊರಳಿಗೆ! 'ಬೇರೆ ಕಡೆ ಕರ್ಕೊಂಡು ಹೋಗಣ್ಣ, ಇಲ್ಲಿ ಬೇಡ, ಇಲ್ಲಿ ಆ ಪ್ಲಾಸ್ಟರಿನವನಿದ್ದಾನೆ, ಕೊಟ್ಟ ದುಡ್ಡು ಕೇಳಿದ್ದಕ್ಕೆ ಕೊಲ್ತೀನಿ ಅಂದಿದ್ದಾನೆ' ಅಂತ ಅತ್ತ. ನಾನು ನಕ್ಕು ಇಳಿಸಿ ಹೋದೆ."

ನಾನು ಫಿಲ್ಮಿನ ಹತ್ತಿರ ಮುಖ ತಂದೆ. ಕನ್ನಡಕವಿಲ್ಲದಿದ್ದರೂ ಹತ್ತಿರದ್ದು ಕಾಣಿಸುತ್ತೆ ನನಗೆ. ಸುತ್ತಿಗೆಯ ಮೂಳೆ ಮುರಿದಿದ್ದದ್ದು ಗೆಣ್ಣಿನ ಹತ್ತಿರ. ಇದು ಒಂದು ಅಂಗುಲ ಕೆಳಗೆ. ಬೇರೆ ಬೇರೆ ಮುರಿತ ಅಂತ ಹೊಸಬರು ಕೂಡ ಹೇಳುತ್ತಿದ್ದರು. ಆಸೆ ನನ್ನ ಕಣ್ಣು ಕಟ್ಟಿತ್ತು.

ಕೆಳಗಿನದು ನನಗೆ ಚೆನ್ನಾಗಿ ಗೊತ್ತಿದ್ದ ಮುರಿತ. ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ನನ್ನ ಗಂಡನಾಗಬೇಕಿದ್ದವನು ಮನೆ ಬಾಗಿಲಲ್ಲಿ ನಿಂತು ಮದುವೆ ಬೇಡ ಅಂದು ಹೊರಟು ಹೋದಾಗ, ಹದಿನೇಳು ವರ್ಷದ ಹುಡುಗನೊಬ್ಬ ಅದೇ ಬಾಗಿಲಿಗೆ ಗುದ್ದಿ ಬಲಗೈ ಮುರಿದುಕೊಂಡಿದ್ದ. ಕೈ ಹಿಡಿದು ಇದೇ ಮೇಜಿಗೆ ತಂದಿದ್ದೆ. ಫೋಟೋ ತೆಗೆದದ್ದೂ ನಾನೇ. ಆಮೇಲೆ ಅವನು ರಜೆಯಲ್ಲೆಲ್ಲ ಇಲ್ಲೇ ಇರುತ್ತಿದ್ದ, ಒದ್ದೆ ಫಿಲ್ಮುಗಳನ್ನು ತಂತಿಗೆ ಹಾಕುತ್ತಾ. "ಅಕ್ಕಾ, ಇದು ಮಗುಚಿ ನೋಡಿದರೆ ಇನ್ನೊಂದು ಕಾಲಾಗುತ್ತಲ್ಲಾ!" ಅಂತ ನಗುತ್ತಿದ್ದ.

"ಯಾರ ಕೈ ಇದು?" ಇನ್ಸ್‌ಪೆಕ್ಟರು ನನ್ನನ್ನೇ ನೋಡುತ್ತಿದ್ದರು. "ಅಮ್ಮಾ, ನಿಮಗೆ ಗೊತ್ತಾಗಿದೆ. ಹೇಳಿ."

ಹೇಳಿದರೆ ಸಾಕಿದ ಮಗ ನೇಣಿಗೆ. ಹೇಳದಿದ್ದರೆ? ಅವತ್ತು ಕಾಲು ಹಿಡಿದವನನ್ನು ನೋಡಿದ್ದವನು ಈ ಲೋಕದಲ್ಲಿ ಒಬ್ಬನೇ. ಅವನು ಮೂರನೇ ಮಹಡಿಯಲ್ಲಿ ಕೊಳವೆಗಳ ನಡುವೆ ಮಲಗಿದ್ದಾನೆ. ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟಿದ್ದಾನೆ. ಹತ್ತಿರ ಕೂತಿರು ಹೋಗು ಅಂತ ಕಳಿಸಿದವಳು ನಾನೇ.

"ಮೇಲೆ," ಅಂದೆ. "ಮೇಲೆ ಓಡಿ ಸಾರ್! ನನ್ನ ತಮ್ಮ... ಅದು ನನ್ನ ತಮ್ಮನ ಕೈ!"

ಲಿಫ್ಟಿಗೆ ಕಾಯಲಿಲ್ಲ. ಮೆಟ್ಟಿಲಲ್ಲಿ ಇನ್ಸ್‌ಪೆಕ್ಟರು ಮುಂದೆ, ನಾನು ಹಿಂದೆ, ಸೆರಗಿನ ತುಂಬ ರಕ್ತ. ಎರಡನೇ ಮಹಡಿಯಲ್ಲಿ ಮೇಲಿನ ವಾರ್ಡಿನ ನರ್ಸು ಊಟದ ಡಬ್ಬಿ ಹಿಡಿದು ಇಳಿಯುತ್ತಿದ್ದಳು.

"ಏನಕ್ಕಾ ಇದು ರಕ್ತ!"

"ಸೋಡಾಬುಡ್ಡಿ ಹತ್ತಿರ ಯಾರಿದ್ದಾರೆ?"

"ನಿಮ್ಮ ತಮ್ಮ ಇದ್ದಾರಲ್ಲ. ನೀವೇ ಕಳಿಸಿದ್ದಂತೆ? ನಾನು ನೋಡ್ಕೋತೀನಿ, ನೀವು ಊಟ ಮಾಡಿ ಬನ್ನಿ ಅಂದರು. ಪಾಪ, ಎಷ್ಟು ಒಳ್ಳೆಯವರು."

ಅವಳನ್ನು ಪಕ್ಕಕ್ಕೆ ತಳ್ಳಿ ಹತ್ತಿದೆ.

ಕೋಣೆಯ ಬಾಗಿಲು ಒಳಗಿಂದ ಹಾಕಿತ್ತು. ಇನ್ಸ್‌ಪೆಕ್ಟರು ಭುಜ ಕೊಟ್ಟು ಗುದ್ದಿದರು. ಅಲುಗಲಿಲ್ಲ. ಒಳಗೆ ಯಾವುದೋ ಮೆಷೀನು ಒಂದೇ ಸಮನೆ ಕೂಗುತ್ತಿತ್ತು. ಕಬ್ಬಿಣದ ಮಂಚ ನೆಲಕ್ಕೆ ಉಜ್ಜುವ ಸದ್ದು, ಯಾರೋ ಕಾಲು ಬಡಿಯುವ ಸದ್ದು.

"ಬಾಗಿಲು ತೆಗಿಯೋ!" ಎರಡೂ ಕೈಯಲ್ಲಿ ಬಡಿದೆ. "ನಾನು ಕಣೋ, ಅಕ್ಕ! ನನ್ನ ಮೇಲೆ ಆಣೆ, ತೆಗಿಯೋ!"

ಕಾಲು ಬಡಿಯುವ ಸದ್ದು ನಿಂತಿತು.

ಬಾಗಿಲಿನ ಆಚೆ, ತೀರಾ ಹತ್ತಿರದಲ್ಲಿ, ಅವನ ಉಸಿರು ಕೇಳಿಸಿತು. ಆಮೇಲೆ ಧ್ವನಿ. ಊಟಕ್ಕೆ ಏನಿದೆ ಅಂತ ಕೇಳುವಾಗಿನ ಅದೇ ಧ್ವನಿ.

"ಮಗುಚಿ ನೋಡಿಬಿಟ್ಟೆಯಾ ಅಕ್ಕಾ?"